ಗಂಗುಲಮ್ಮನ ಕೈಗುಣ

ಮೇಲೂರಿನಲ್ಲಿ ಇಪ್ಪತ್ತು ದಾಟಿದ, ನಲವತ್ತೈದು ಮುಟ್ಟದ ಜನರಲ್ಲಿ ಅರ್ಧದಷ್ಟು ಮಂದಿ ಗಂಗುಲಮ್ಮನ ಕೈಗೆ ಬಿದ್ದವರು. ಇದು ಹೊಗಳಿಕೆಯ ಮಾತಲ್ಲ. ಪಂಚಾಯಿತಿ ಮೆಂಬರ್ ಆಗಿ ಎದೆ ಉಬ್ಬಿಸಿಕೊಂಡು ಓಡಾಡುವವನಿಂದ ಹಿಡಿದು ಬಸ್‌ ಸ್ಟಾಂಡಿನಲ್ಲಿ ಬೋಂಡ ಕರಿಯುವವಳವರೆಗೆ, ಅವರನ್ನೆಲ್ಲ ಈ ಲೋಕದಲ್ಲಿ ಮೊದಲು ಮುಟ್ಟಿದ್ದು ಅವಳ ಕೈ. ಕರೆ ಬಂದಾಗ ಹಿತ್ತಲ ಬಾಗಿಲಿಂದ ಒಳಗೆ ಹೋಗಿ, ಹೆರಿಗೆ ಮಾಡಿಸಿ, ಹೊಕ್ಕುಳಬಳ್ಳಿ ಕತ್ತರಿಸಿ, ಮಾಸು ಹೂತು, ಹಿತ್ತಲ ಬಾಗಿಲಿಂದಲೇ ಹೊರಗೆ ಬರುತ್ತಿದ್ದಳು. ಅವಳು ಹೊರಟ ಮೇಲೆ ಆ ಮನೆಯವರು ನೆಲ ತೊಳೆಯುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಸಿಟ್ಟು ಬರುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಸಿಟ್ಟು ಮಾಡಿಕೊಳ್ಳುವುದಕ್ಕೂ ಪುರುಸೊತ್ತು ಬೇಕಲ್ಲ ಎನ್ನುತ್ತಿದ್ದಳು.

ಪುರುಸೊತ್ತು ನಿಜವಾಗಿಯೂ ಇರಲಿಲ್ಲ. ಹೆರಿಗೆ ಮಾಡಿಸಿದ್ದಕ್ಕೆ ಸಿಗುತ್ತಿದ್ದುದು ಒಂದು ಸೀರೆ, ಮೂರು ಸೇರು ರಾಗಿ. ಮನೆ ನಡೆಯುತ್ತಿದ್ದುದು ಶಿಡ್ಲಘಟ್ಟದ ನೂಲು ತೆಗೆಯುವ ಫಿಲೇಚರಿನಿಂದ. ಅಲ್ಲಿ ಇಪ್ಪತ್ತೆಂಟು ವರ್ಷ ಕುದಿನೀರಿನ ಬೇಸಿನ್ ಮುಂದೆ ನಿಂತು, ಬೆಂದ ರೇಷ್ಮೆ ಗೂಡುಗಳ ಎಳೆ ಹುಡುಕಿ ಹುಡುಕಿ ರಾಟೆಗೆ ಕೊಟ್ಟವಳು. ಬೆಳಗಿಂದ ಸಂಜೆಯವರೆಗೆ ಬೆರಳು ಬಿಸಿನೀರಿನಲ್ಲೇ. ಮೊದಮೊದಲು ಚರ್ಮ ಬೆಳ್ಳಗಾಗಿ ಸುಲಿಯುತ್ತಿತ್ತು. ಆಮೇಲೆ ಬೆರಳ ತುದಿ ಚುರುಗುಟ್ಟತೊಡಗಿತು. ಆಮೇಲೆ ಜೋಮು ಹಿಡಿಯಿತು. ಕಾಲು ಮಡಿಸಿ ಕೂತಾಗ ಹಿಡಿಯುವ ಜೋಮು ಎದ್ದು ಓಡಾಡಿದರೆ ಬಿಡುತ್ತದೆ, ಇದು ಬಿಡಲಿಲ್ಲ. ಹತ್ತು ವರ್ಷದ ಹಿಂದೆ ಒಂದು ದಿನ ರೊಟ್ಟಿ ತಿರುವಿ ಹಾಕುವಾಗ ಏನೋ ಸುಟ್ಟ ವಾಸನೆ ಬಂತು. ನೋಡಿದರೆ ಅವಳ ಬೆರಳೇ ಹೆಂಚಿನ ಮೇಲಿತ್ತು.

ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಗಂಡ ಮುನಿನಾರಾಯಣಪ್ಪನಿಗೂ ಹೇಳಲಿಲ್ಲ. ಮುಚ್ಚಿಡುವುದು ಕಷ್ಟವೂ ಆಗಲಿಲ್ಲ, ಯಾಕೆಂದರೆ ಆ ಹೊತ್ತಿಗೆ ಊರಿನ ಬಸುರಿಯರೆಲ್ಲ ಆಂಬುಲೆನ್ಸ್ ಹತ್ತಿ ಆಸ್ಪತ್ರೆಗೆ ಹೋಗುವುದು ರೂಢಿಯಾಗಿತ್ತು. ಸೂಲಗಿತ್ತಿಯನ್ನು ಕರೆಯುವವರೇ ಇಲ್ಲದ ಮೇಲೆ ಅವಳ ಬೆರಳು ಸತ್ತಿದ್ದರೇನು, ಬದುಕಿದ್ದರೇನು? ಊರು ಮಾತ್ರ ಹಳೆಯ ಮಾತನ್ನು ಬಿಡಲಿಲ್ಲ. ಮದುವೆ ಮನೆಯಲ್ಲಿ, ನಲ್ಲಿಯ ಹತ್ತಿರ, ಗಂಗುಲಮ್ಮನನ್ನು ಕಂಡರೆ ಯಾರಾದರೊಬ್ಬರು, ಏನು ಕೈಗುಣ ಅಂತೀರಿ ಎಂದು ಶುರುಮಾಡುತ್ತಿದ್ದರು. ಅವಳು ಸೆರಗಿನೊಳಗೆ ಕೈ ಮುಚ್ಚಿಕೊಂಡು ನಗುತ್ತಿದ್ದಳು. ಅರವತ್ತಾರು ವರ್ಷದ ಬಾಳಿನಲ್ಲಿ ಅವಳಿಗೆ ಉಳಿದಿದ್ದ ಮರ್ಯಾದೆ ಅದೊಂದೇ.

ಹೀಗಿರುವಾಗ ಕೊನೆಯ ಮಗಳು ತನುಜ ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ಬಂದು, ಹೆರಿಗೆ ಮೇಲೂರಿನ ಮನೆಯಲ್ಲೇ ಆಗಬೇಕು ಎಂದಳು.

ತನುಜ ಚಿಕ್ಕಬಳ್ಳಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಗಂಡ ಸಿದ್ಧಾರ್ಥ್ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮೊದಲ ಮಗು ಹುಟ್ಟಿದ್ದು ಯಾವುದೋ ನರ್ಸಿಂಗ್ ಹೋಮಿನಲ್ಲಿ. ಅಲ್ಲಿ ಅವಳನ್ನು ಒಂಬತ್ತು ಗಂಟೆ ಒಬ್ಬಳನ್ನೇ ಮಲಗಿಸಿದ್ದರು, ಕೂಗಿದ್ದಕ್ಕೆ ತೊಡೆಗೆ ಹೊಡೆದಿದ್ದರು, ಒಂದು ಮಾತೂ ಕೇಳದೆ ಕೆಳಗೆ ಕೊಯ್ದಿದ್ದರು. ಆ ಹೊಲಿಗೆಯ ನೋವು ಹೋಗುವುದಕ್ಕೆ ಎಂಟು ತಿಂಗಳು ಹಿಡಿಯಿತು. ಅವಮಾನದ್ದು ಇನ್ನೂ ಹೋಗಿರಲಿಲ್ಲ. ಎರಡನೆಯದಕ್ಕೆ ಅವಳು ವರ್ಷದ ಪಾಠಕ್ಕೆ ತಯಾರಾಗುವಂತೆ ತಯಾರಾಗಿದ್ದಳು. ಓದಿ, ಹುಡುಕಿ, ತರಬೇತಿ ಪಡೆದ ಬೆಂಗಳೂರಿನ ಇಬ್ಬರು ಮಿಡ್‌ವೈಫ್‌ಗಳನ್ನು ಗೊತ್ತುಮಾಡಿದ್ದಳು. ಬಾಡಿಗೆ ಮನೆಯ ಓನರ್ ಮಾತ್ರ, ಪುರುಡು ಗಿರುಡು ನಮ್ಮ ಮನೆಯಲ್ಲಿ ಬೇಡಮ್ಮಾ ಎಂದು ಕೈಮುಗಿದಿದ್ದ. ಅದಕ್ಕೇ ಮೇಲೂರು.

"ಊರೆಲ್ಲಾ ಆಸ್ಪತ್ರೆಗೆ ಹೋಗ್ತಾ ಇದ್ರೆ, ಓದಿದೋಳು ನೀನು ಹಿಂದಕ್ಕೆ ಬರ್ತೀಯಲ್ಲೇ!" ಎಂದಳು ಗಂಗುಲಮ್ಮ.

"ಹಿಂದಕ್ಕಲ್ಲ ಕಣಮ್ಮ. ಡಾಕ್ಟ್ರು ಸ್ಕ್ಯಾನ್ ನೋಡಿ ಎಲ್ಲಾ ಸರಿಯಾಗಿದೆ ಅಂದಿದ್ದಾರೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕಾರು ಬಾಗಿಲಲ್ಲೇ ಇರುತ್ತೆ, ಕಾಲು ಗಂಟೇಲಿ ಆಸ್ಪತ್ರೆ. ಮಿಡ್‌ವೈಫ್ ಇಬ್ರು ಇರ್ತಾರೆ. ಎಲ್ಲಕ್ಕಿಂತ ನೀನಿದ್ದೀಯ. ನಿನ್ನ ಕೈ ಇರೋವಾಗ ನನಗೇನು ಭಯ?"

ಆಗಲೇ ಹೇಳಿಬಿಡಬೇಕಿತ್ತು. ಗಂಗುಲಮ್ಮ ಹೇಳಲಿಲ್ಲ. ಮಗಳು ಓದಿ ಮೇಡಂ ಆದಮೇಲೆ ತಾಯಿಯಿಂದ ಏನನ್ನೂ ಕೇಳಿದವಳಲ್ಲ. ಕೊಡುವುದಕ್ಕೆ ತಾಯಿಯ ಹತ್ತಿರ ಏನೂ ಇರಲೂ ಇಲ್ಲ. ಈಗ ಮೊದಲ ಸಲ ಒಂದು ಕೇಳಿದ್ದಾಳೆ, ಅದೂ ಇಲ್ಲದ್ದನ್ನೇ. "ಆಯ್ತು ಬಾ" ಎಂದುಬಿಟ್ಟಳು.

ಹಿರಿಯ ಮಿಡ್‌ವೈಫ್ ಶ್ರೀವಲ್ಲಿ ನಲವತ್ತರ ಹೆಂಗಸು. ಅವಳ ಜೊತೆಯವಳು ಮಹತಿ, ಇನ್ನೂ ಹುಡುಗಿ. ಮೊದಲ ಸಲ ಬಂದಾಗ ಇಬ್ಬರೂ ಮುಂಬಾಗಿಲಿಂದ ಒಳಗೆ ಬಂದು, ಚಾಪೆಯ ಮೇಲೆ ಕೂತು, ಕೊಟ್ಟ ಮುದ್ದೆ ಸಾರನ್ನು ಬೆರಳು ನೆಕ್ಕಿಕೊಂಡು ಉಂಡರು. ಮೇಲು ಜಾತಿಯವರು ಎಂದು ಹೆಸರು ಕೇಳಿದರೇ ಗೊತ್ತಾಗುತ್ತಿತ್ತು. ಗಂಗುಲಮ್ಮ ಬಾಗಿಲ ಮರೆಯಲ್ಲಿ ನಿಂತು ಅವರು ಉಣ್ಣುವುದನ್ನೇ ನೋಡಿದಳು. ಊಟವಾದ ಮೇಲೆ ಶ್ರೀವಲ್ಲಿ ಕೈ ತೊಳೆದು ಬಂದು, "ಅಮ್ಮಾ, ಮೊದಲು ನೀವು ಮುಟ್ಟಿ ನೋಡಿ. ನೀವು ನೋಡಿದ ಮೇಲೆ ನಾನು ನೋಡ್ತೀನಿ. ನಿಮ್ಮಂಥವರ ಹತ್ತಿರ ನಾವು ಕಲಿಯೋದು ಇದೆ" ಎಂದಳು.

ಗಂಗುಲಮ್ಮ ಮಗಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟಳು. ಬೆರಳಿಗೆ ಗೋಡೆ ಮುಟ್ಟಿದಷ್ಟೇ ತಿಳಿಯಿತು. ಆದರೆ ಇಪ್ಪತ್ತೈದು ವರ್ಷ ಹೊಟ್ಟೆ ನೋಡಿದ ಕಣ್ಣು ಸತ್ತಿರಲಿಲ್ಲ. ಹೊಟ್ಟೆ ಯಾವ ಕಡೆ ಉಬ್ಬಿದೆ, ಎಲ್ಲಿ ತಗ್ಗಿದೆ ನೋಡಿದಳು. "ಎಲ್ಲಿ ಒದೀತದೆ?" ಎಂದು ಮಾತಿಗೆ ಕೇಳಿದ ಹಾಗೆ ಮಗಳನ್ನು ಕೇಳಿದಳು. ಆಮೇಲೆ, "ಬೆನ್ನು ಎಡಕ್ಕಿದೆ, ತಲೆ ಕೆಳಗಿದೆ" ಎಂದಳು. ಶ್ರೀವಲ್ಲಿ ಮುಟ್ಟಿ ನೋಡಿ, "ಕರೆಕ್ಟಾಗಿ ಹೇಳಿದ್ರಿ!" ಎಂದು ಬೆರಗಾದಳು. ತನುಜಳ ಮುಖ ಊರಗಲ ಆಯಿತು. ಮುಂದಿನ ಮೂರು ಭೇಟಿಯಲ್ಲೂ ಹೀಗೇ ನಡೆಯಿತು. ಪ್ರತಿ ಸಲ ಸರಿಯಾದಾಗಲೂ ಗಂಗುಲಮ್ಮನಿಗೆ ಸಂತೋಷದ ಬದಲು ಆಯಾಸವಾಗುತ್ತಿತ್ತು. ಅವರು ಹೋದ ಮೇಲೆ ಗೋಡೆಗೆ ಒರಗಿ ಸುಮ್ಮನೆ ಕೂತುಬಿಡುತ್ತಿದ್ದಳು.

ತನುಜ ಒಂದು ಹಾಳೆಯಲ್ಲಿ ಯಾರ ಕೆಲಸ ಏನು ಎಂದು ಬರೆದು ನಡುಮನೆಯ ಗೋಡೆಗೆ ಅಂಟಿಸಿದಳು. ಅಪ್ಪ ನೀರು ಕಾಯಿಸುವುದು. ಸಿದ್ಧಾರ್ಥ್ ಕಾರು, ಆಸ್ಪತ್ರೆಗೆ ಫೋನು. ಶ್ರೀವಲ್ಲಿ ತಾಯಿಗೆ, ಮಹತಿ ಮಗುವಿಗೆ. ಅಮ್ಮನ ಹೆಸರಿನ ಮುಂದೆ, ಹೆರಿಗೆಯಾದ ಮೇಲೆ ಹೊಟ್ಟೆಯ ಮೇಲೆ ಕೈ, ಎಂದಿತ್ತು. ಇದು ಶ್ರೀವಲ್ಲಿ ಕೊಟ್ಟ ಮರ್ಯಾದೆ. ಮಗು, ಮಾಸು ಎರಡೂ ಬಂದ ಮೇಲೆ ಗರ್ಭಕೋಶ ಗಟ್ಟಿಯಾಗಿ ಕೂಡಬೇಕು. ಅದು ಮೆತ್ತಗಾದರೆ ರಕ್ತ ಹರಿಯುತ್ತದೆ, ನೋಡನೋಡುತ್ತ ಜೀವ ಹೋಗುತ್ತದೆ. ಗಟ್ಟಿಯೋ ಮೆತ್ತಗೋ ಎಂದು ಆ ಗಂಟೆ ಪೂರ್ತಿ ಯಾರಾದರೂ ಮುಟ್ಟಿ ನೋಡುತ್ತಲೇ ಇರಬೇಕು. ಓದು ಬಾರದ ಗಂಗುಲಮ್ಮನಿಗೆ ಮುನಿನಾರಾಯಣಪ್ಪ ಅದನ್ನು ಓದಿ ಹೇಳಿದ. ಹೊಟ್ಟೆಯ ಆಕಾರ ನೋಡಿ ತಲೆ ಎಲ್ಲಿದೆ ಎಂದು ಹೇಳಬಹುದು. ಗಟ್ಟಿ, ಮೆತ್ತಗೆ ಎನ್ನುವುದನ್ನು ಕಣ್ಣು ಹೇಳುವುದಿಲ್ಲ.

ಇನ್ನೂ ಹದಿನೈದು ದಿನ ಇದೆ, ಹೇಳೋಣ ಎಂದುಕೊಂಡಳು. ಆಮೇಲೆ ಹತ್ತು ದಿನ ಉಳಿಯಿತು. ಆಮೇಲೆ, ಓದಿದವರು ಇಬ್ಬರು ಪಕ್ಕದಲ್ಲೇ ಇರುತ್ತಾರೆ, ಅವರೂ ನೋಡುತ್ತಾರೆ, ನನ್ನದು ಬರೀ ಹೆಸರಿಗೆ ಎಂದು ಸಮಾಧಾನ ಮಾಡಿಕೊಂಡಳು. ಸುಳ್ಳಿಗೆ ಒಂದು ಸಲ ಅಭ್ಯಾಸವಾದ ಮನಸ್ಸು ಬಹಳ ಸಲೀಸಾಗಿ ದಾರಿ ಹುಡುಕಿಕೊಳ್ಳುತ್ತದೆ.

ನೋವು ಒಂದು ಬುಧವಾರ ಸಂಜೆ ಸಣ್ಣಗೆ ಶುರುವಾಯಿತು. ಮೊದಲ ಮಗುವನ್ನು ಆಗಲೇ ಅತ್ತೆಯ ಮನೆಗೆ ಕಳಿಸಿದ್ದರು. ಗಂಗುಲಮ್ಮ ರಾತ್ರಿಯೆಲ್ಲ ಮಗಳ ಸೊಂಟ ಉಜ್ಜುತ್ತ ಕೂತಳು. ಉಜ್ಜುವುದಕ್ಕೆ ಅಂಗೈ ಸಾಕಾಗಿತ್ತು. ಬೆಳಿಗ್ಗೆ ಏಳಕ್ಕೆ ಶ್ರೀವಲ್ಲಿ, ಮಹತಿ ಬಂದರು. ಆಮೇಲೆ ಇಡೀ ದಿನ ಕಾಯುವುದೇ ಕೆಲಸ. ತನುಜ ನಡೆದಾಡಿದಳು, ಕೂತಳು, ಹಗ್ಗಕ್ಕೆ ಜೋತುಬಿದ್ದಳು, ಸಿದ್ಧಾರ್ಥನ ಕೊರಳು ಹಿಡಿದು ತೂಗಿದಳು, ಗಂಜಿ ಕುಡಿದಳು, ಅದನ್ನೇ ವಾಂತಿ ಮಾಡಿದಳು. ಯಾರೂ ಅವಳ ಮೇಲೆ ಕೂಗಲಿಲ್ಲ. ಶ್ರೀವಲ್ಲಿ ಆಗಾಗ ಮಗುವಿನ ಎದೆಬಡಿತ ಕೇಳಿ ತಲೆಯಾಡಿಸುವಳು, ಬರೆದುಕೊಳ್ಳುವಳು. ಮುನಿನಾರಾಯಣಪ್ಪ ಹಿತ್ತಲ ಹಂಡೆಗೆ ಸೌದೆ ತುಂಬಿ ತುಂಬಿ ಹೊಗೆ ಎಬ್ಬಿಸಿದ್ದ. ಬೇಕಾಗಿದ್ದುದು ಎರಡು ಕೊಡ, ಕಾಯಿಸಿದ್ದು ಊರಿಗಾಗುವಷ್ಟು.

"ಏಮೇ, ಇನ್ನೂ ಎಷ್ಟೊತ್ತು?" ಎಂದು ಅವನು ಬಾಗಿಲಲ್ಲಿ ಇಣುಕಿ ಹತ್ತನೆಯ ಸಲ ಕೇಳಿದ.

"ಅದು ನನ್ನ ಕೇಳಿ ಬರ್ತದೇನಯ್ಯಾ? ಹೋಗಿ ಕೂತ್ಕೋ."

ಮಧ್ಯಾಹ್ನದ ಹೊತ್ತಿಗೆ ಗಂಗುಲಮ್ಮನ ಕಣ್ಣು ತಾನಾಗಿಯೇ ಮುಚ್ಚುತ್ತಿತ್ತು. ಹಿಂದೆ ಎರಡು ದಿನ ನಿದ್ದೆಗೆಟ್ಟು ಹೆರಿಗೆ ಮಾಡಿಸಿ, ಸೀದಾ ಫಿಲೇಚರಿಗೆ ಹೋಗಿ ನಿಂತವಳು ಇವಳೇನಾ ಎಂದು ಅವಳಿಗೇ ಅನುಮಾನವಾಯಿತು. ಮಂಡಿ ನೋಯುತ್ತಿತ್ತು, ಬೆನ್ನು ನೋಯುತ್ತಿತ್ತು. ಎಲ್ಲಕ್ಕಿಂತ, ಹೇಳದೆ ಉಳಿದ ಮಾತು ಹೊತ್ತು ಹೊತ್ತು ಅವಳಿಗೆ ಸಾಕಾಗಿ ಹೋಗಿತ್ತು. ಬೇಗ ಮುಗಿದರೆ ಸಾಕು ಎಂದು ಬೇಡಿಕೊಂಡಳು. ಮಗಳ ನೋವು ಮುಗಿಯಲಿ ಎಂದೋ, ತನ್ನ ನಾಟಕ ಮುಗಿಯಲಿ ಎಂದೋ, ಅವಳಿಗೇ ಸ್ಪಷ್ಟವಿರಲಿಲ್ಲ.

ನಾಲ್ಕು ಗಂಟೆಗೆ ಮಗು ಬಂತು. ಹೆಣ್ಣು. ಶ್ರೀವಲ್ಲಿಯ ಕೈಯೊಳಗೆ ಮೆಲ್ಲಗೆ ಜಾರಿತು, ಎಲ್ಲೂ ಕೊಯ್ಯಬೇಕಾಗಲಿಲ್ಲ. ಆದರೆ ಅಳಲಿಲ್ಲ. ನೀಲಿಗಟ್ಟಿ ಸೋತು ಮಲಗಿತ್ತು. ಮಹತಿ ಬಟ್ಟೆಯಲ್ಲಿ ಒರೆಸಿ ಬೆನ್ನು ತಿಕ್ಕಿದಳು. ಆಗಲೂ ಅಳಲಿಲ್ಲ. ಅಷ್ಟರಲ್ಲಿ ಮಾಸೂ ಬಿತ್ತು. ಶ್ರೀವಲ್ಲಿ ತನುಜಳ ಹೊಟ್ಟೆ ಒಮ್ಮೆ ಒತ್ತಿ ನೋಡಿ, "ಸದ್ಯಕ್ಕೆ ಗಟ್ಟಿಯಾಗಿದೆ. ಅಮ್ಮಾ, ನೀವು ಕೈ ಇಡಿ. ಮೆತ್ತಗಾದ್ರೆ ತಕ್ಷಣ ಹೇಳಿ" ಎಂದು ಮಗುವಿನ ಕಡೆ ಹೋದಳು. ಇಬ್ಬರೂ ಬಾಗಿ, ಮಗುವಿನ ಮೂಗು ಬಾಯಿಗೆ ಸಣ್ಣ ಮಾಸ್ಕ್ ಹಿಡಿದು, ಬಲೂನಿನಂಥದ್ದನ್ನು ಒತ್ತಿ ಒತ್ತಿ ಉಸಿರು ತುಂಬತೊಡಗಿದರು.

ಗಂಗುಲಮ್ಮ ಮಗಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಳು. ಬೆರಳು ಏನೂ ಹೇಳಲಿಲ್ಲ. ಒತ್ತಿದಳು. ಏನೂ ಇಲ್ಲ. ಅಂಗೈಯನ್ನು ಊರಿದಳು. ಹೊಟ್ಟೆಯ ಚರ್ಮ ಅಲುಗಾಡಿತು, ಅದರೊಳಗೆ ಇರಬೇಕಾದ ಆ ಗಡಸು ಉಂಡೆ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ.

"ಅಮ್ಮಾ, ಹೇಗಿದೆ?" ಶ್ರೀವಲ್ಲಿ ತಿರುಗದೆಯೇ ಕೇಳಿದಳು.

"ಗಟ್ಟಿ ಇದೆ" ಎಂದಳು ಗಂಗುಲಮ್ಮ.

ಬಾಯಿ ತಾನಾಗಿ ಅಂದುಬಿಟ್ಟಿತು. ಮಗುವಿಗೆ ಉಸಿರು ಕೊಡುತ್ತಿರುವವರನ್ನು ಈಗ ಕರೆದರೆ ಮಗು ಹೋದರೆ? ಎಂದು ಒಂದು ನೆವ ಹೊಳೆಯಿತು. ಅದು ನೆವ ಎಂದೂ ಅವಳಿಗೆ ಗೊತ್ತಿತ್ತು.

ಆಗ ತನುಜ ಆಕಳಿಸಿದಳು. ಕೂಡಲೇ ಇನ್ನೊಂದು ಸಲ ಆಕಳಿಸಿದಳು. ತುಟಿ ಬಿಳಿಚಿಕೊಂಡಿತ್ತು. ಹೆರಿಗೆಯಾದ ಹೆಂಗಸು ಸುಸ್ತಾಗಿ ಆಕಳಿಸುವುದು ಬೇರೆ, ಈ ಆಕಳಿಕೆ ಬೇರೆ. ಗಂಗುಲಮ್ಮ ಇದನ್ನು ಇಪ್ಪತ್ತೈದು ವರ್ಷದಲ್ಲಿ ಎರಡು ಸಲ ನೋಡಿದ್ದಳು, ಆ ಇಬ್ಬರೂ ಉಳಿದಿರಲಿಲ್ಲ. ಹೊದಿಕೆ ಎತ್ತಿದಳು. ಕೆಳಗಿನ ಹಾಸು ಕೆಂಪಾಗಿ ತೊಯ್ದು ಚಾಪೆಗೆ ಇಳಿಯುತ್ತಿತ್ತು.

"ಅಮ್ಮಯ್ಯಾ, ಬಾ ಇಲ್ಲಿ! ನಾನಂದಿದ್ದು ಸುಳ್ಳು. ನನ್ನ ಕೈಗೆ ಏನೂ ಗೊತ್ತಾಗಲ್ಲ. ನನ್ನ ಕೈ ಸತ್ತು ಹತ್ತು ವರ್ಷ ಆಯ್ತು. ರಕ್ತ ಹೋಗ್ತಾ ಇದೆ, ಬಾರಮ್ಮಾ!"

ಅಷ್ಟು ಜೋರಾಗಿ ಕೂಗಿದ್ದರಿಂದ ಹಿತ್ತಲಲ್ಲಿದ್ದ ಮುನಿನಾರಾಯಣಪ್ಪನಿಗೂ, ಬಾಗಿಲಲ್ಲಿದ್ದ ಸಿದ್ಧಾರ್ಥನಿಗೂ ಒಂದೊಂದು ಮಾತೂ ಕೇಳಿಸಿತು. ಶ್ರೀವಲ್ಲಿ ಒಂದು ಕ್ಷಣ ಅವಳ ಮುಖ ನೋಡಿದಳು. ಬೈಯಲಿಲ್ಲ, ಅದಕ್ಕೆ ಹೊತ್ತಿರಲಿಲ್ಲ. ಅವಳನ್ನು ಪಕ್ಕಕ್ಕೆ ಸರಿಸಿ ಹೊಟ್ಟೆಯನ್ನು ಗಟ್ಟಿಯಾಗಿ ತಿಕ್ಕತೊಡಗಿದಳು. ಇನ್ನೊಂದು ಕೈಯಲ್ಲಿ ಮೊದಲೇ ತುಂಬಿಟ್ಟಿದ್ದ ಇಂಜೆಕ್ಷನ್ ತೆಗೆದು ತೊಡೆಗೆ ಚುಚ್ಚಿದಳು. "ಕಾರು ಸ್ಟಾರ್ಟ್ ಮಾಡಿ, ಆಸ್ಪತ್ರೆಗೆ ಹೇಳಿ" ಎಂದು ಸಿದ್ಧಾರ್ಥನಿಗೆ ಕೂಗಿದಳು. ಅದೇ ಹೊತ್ತಿಗೆ ಆ ಮೂಲೆಯಲ್ಲಿ ಮಗು ಕೀರಲು ದನಿಯಲ್ಲಿ ಅತ್ತಿತು. ಗಂಗುಲಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತಳು. ಮೊಮ್ಮಗಳು ಅತ್ತದ್ದು ಅವಳ ಕಿವಿಗೆ ಬಿತ್ತು, ಸಂತೋಷಪಡಲು ಅವಳಲ್ಲಿ ತ್ರಾಣವಿರಲಿಲ್ಲ.

ರಕ್ತ ನಿಂತಿತು. ಕಾರು ಶಿಡ್ಲಘಟ್ಟ ಮುಟ್ಟುವುದರೊಳಗೆ ತನುಜಳ ತುಟಿಗೆ ಬಣ್ಣವೂ ಬಂದಿತ್ತು. ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಕೊಟ್ಟು, ಎರಡು ದಿನ ಇಟ್ಟುಕೊಂಡು ಕಳಿಸಿದರು. ಅಲ್ಲಿನ ವೆರಾಂಡದಲ್ಲಿ ಶ್ರೀವಲ್ಲಿ ಬಂದು ಗಂಗುಲಮ್ಮನ ಪಕ್ಕ ಕೂತು, ಅವಳ ಎರಡೂ ಕೈಯನ್ನು ತಿರುಗಿಸಿ ನೋಡಿದಳು. ಬೆರಳ ತುದಿಯಲ್ಲಿ ಗೆರೆಯೇ ಇರಲಿಲ್ಲ, ನುಣ್ಣಗೆ ತಿಕ್ಕಿಟ್ಟ ಹಾಗಿತ್ತು.

"ನಾನೂ ತಪ್ಪು ಮಾಡಿದೆ ಅಮ್ಮಾ. ಮರ್ಯಾದೆ ಕೊಡೋ ಭರದಲ್ಲಿ ಒಂದು ಸಲಾನೂ ಪರೀಕ್ಷೆ ಮಾಡಲಿಲ್ಲ. ಆದ್ರೆ ನೀವು ಹೇಳಬೇಕಿತ್ತು."

"ಹೇಳಬೇಕಿತ್ತು" ಎಂದಳು ಗಂಗುಲಮ್ಮ.

ಮನೆಗೆ ಬಂದ ತನುಜ ತಾಯಿಯ ಜೊತೆ ಬೇಕಾದಷ್ಟೇ ಮಾತಾಡಿದಳು. ನೀರು, ಅನ್ನ, ಬಟ್ಟೆ, ಅಷ್ಟೇ. ತಾಯಿ ಕೊಟ್ಟದ್ದನ್ನು ತೆಗೆದುಕೊಂಡು ಮುಖ ತಿರುಗಿಸುತ್ತಿದ್ದಳು. ಮಗುವನ್ನು ಒಂದು ಸಲವೂ ತಾಯಿಯ ಕೈಗೆ ಕೊಡಲಿಲ್ಲ. ಗಂಗುಲಮ್ಮ ಕೇಳಲೂ ಇಲ್ಲ. ಕೇಳುವ ಮುಖ ಎಲ್ಲಿತ್ತು?

ಇತ್ತ ಊರಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ರಕ್ತ ಹೋಗುತ್ತಿದ್ದುದನ್ನು ಓದಿದವರಿಬ್ಬರೂ ನೋಡಲಿಲ್ಲವಂತೆ, ಗಂಗುಲಮ್ಮ ಹೊಟ್ಟೆ ಮುಟ್ಟಿ ಹೇಳಿದ್ದಕ್ಕೆ ಮಗಳು ಉಳಿದಳಂತೆ, ಆ ಕೈಗುಣ ಇನ್ನೂ ಹೋಗಿಲ್ಲವಂತೆ. ನಾಲ್ಕನೆಯ ದಿನ ಬೆಳಿಗ್ಗೆ ಎರ್ರಪ್ಪನ ಸೊಸೆ ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ಜಗಲಿಗೆ ಬಂದು ಕೂತಳು. ಎರ್ರಪ್ಪ ಊರಿನಲ್ಲಿ ದೊಡ್ಡ ಕುಳ. ಅವನ ಮನೆಗೆ ಗಂಗುಲಮ್ಮ ಮುಂಬಾಗಿಲಿಂದ ಹೋದದ್ದೇ ಇಲ್ಲ.

"ಅಜ್ಜೀ, ಮಗು ಅಡ್ಡ ಇದೆ ಅಂತ ಒಂದು ಕಡೆ ಅಂದ್ರು, ಇಲ್ಲ ಅಂತ ಇನ್ನೊಂದು ಕಡೆ ಅಂದ್ರು. ನೀವೊಂದ್ಸಲ ಮುಟ್ಟಿ ನೋಡ್ಬಿಡಿ. ನಿಮ್ಮ ಮಾತಂದ್ರೆ ನನಗೆ ಧೈರ್ಯ. ನಮ್ಮ ಮಾವ ನಿಮ್ಮನ್ನ ಮನೆಗೇ ಕರ್ಕೊಂಡು ಬಾ ಅಂದಿದ್ರು, ನಾನೇ ಬಂದೆ."

ಒಳಗೆ ಹಾಲು ಕುಡಿಸುತ್ತಿದ್ದ ತನುಜ ಕಿವಿ ನಿಮಿರಿಸಿದಳು. ಗಂಗುಲಮ್ಮ ಆ ಹುಡುಗಿಯ ಹೊಟ್ಟೆ ನೋಡಿದಳು. ಕಣ್ಣಳತೆಗೇ ಉತ್ತರ ಸಿಕ್ಕಿಬಿಟ್ಟಿತು. ಹೇಳಿದ್ದರೆ ಬಹುಶಃ ಸರಿಯಾಗಿಯೇ ಇರುತ್ತಿತ್ತು. ಅವಳು ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ಆ ಹುಡುಗಿಯ ಕಣ್ಣ ಮುಂದೆ ಹಿಡಿದಳು.

"ನೋಡವ್ವಾ. ಈ ಬೆರಳು ಸತ್ತು ಹತ್ತು ವರ್ಷ. ಬೆಂಕಿ ಇಟ್ರೂ ತಿಳಿಯಲ್ಲ. ಮಗಳ ಹೊಟ್ಟೆ ಮೇಲೆ ಈ ಕೈ ಇಟ್ಕೊಂಡು ಗಟ್ಟಿ ಇದೆ ಅಂತ ಸುಳ್ಳು ಹೇಳ್ದೆ. ಇನ್ನೊಂಚೂರು ಸುಮ್ನೆ ಇದ್ದಿದ್ರೆ ನನ್ನ ಮಗಳನ್ನ ನಾನೇ ಕೊಂದಿರ್ತಿದ್ದೆ. ಊರಲ್ಲಿ ಏನೇನೋ ಹೇಳ್ತಾರೆ, ನಂಬಬೇಡ. ಆಸ್ಪತ್ರೆಗೆ ಹೋಗು, ಸ್ಕ್ಯಾನ್ ಮಾಡಿಸ್ಕೋ. ನಿಮ್ಮ ಮಾವನಿಗೂ ಇದನ್ನೇ ಹೇಳು."

ಎರ್ರಪ್ಪನ ಸೊಸೆ ಎದ್ದುಹೋದಳು. ಮಧ್ಯಾಹ್ನದೊಳಗೆ ಈ ಮಾತು ನಲ್ಲಿಯ ಹತ್ತಿರ ಮುಟ್ಟುತ್ತದೆ, ಸಂಜೆಗೆ ಊರೆಲ್ಲ. ನಲವತ್ತು ವರ್ಷದ ಹೆಸರು ಮುಗಿಯಿತು ಎಂದುಕೊಂಡಳು ಗಂಗುಲಮ್ಮ. ದುಃಖವಾಯಿತು, ಹಗುರವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ನೋಡಿಕೊಳ್ಳುವ ಶಕ್ತಿ ಇರಲಿಲ್ಲ. ಕಂಬಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದಳು.

"ಅಮ್ಮಾ" ಎಂದು ತನುಜ ಒಳಗಿನಿಂದ ಕರೆದಳು. "ಬಚ್ಚಲಿಗೆ ಬಾ. ಮಗೂಗೆ ನೀರು ಹಾಕಬೇಕು."

"ನನ್ನ ಕೈಲಿ ಆಗಲ್ಲ ಕಣೇ. ನೀರು ಕಾದಿದ್ಯೋ ಇಲ್ವೋ ಗೊತ್ತಾಗಲ್ಲ. ಮಗು ಜಾರೀತು."

"ನೀರು ನಾನು ನೋಡ್ತೀನಿ. ಮಗೂನ ನಾನೇ ಹಿಡ್ಕೋತೀನಿ. ನೀನು ಕಾಲು ಚಾಚಿ ಕೂತ್ಕೋ ಸಾಕು. ನಿನ್ನ ಕಾಲ್ಗೇನಾಗಿದೆ?"

ದನಿಯಲ್ಲಿ ಸಿಟ್ಟು ಇನ್ನೂ ಇತ್ತು. ಗಂಗುಲಮ್ಮ ಗೋಡೆ ಹಿಡಿದು ಎದ್ದಳು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ, ಎರಡೂ ಕಾಲು ಜೋಡಿಸಿ ಚಾಚಿದಳು. ತನುಜ ಬಾಗಿ ಮಗುವನ್ನು ಆ ಕಾಲುಗಳ ನಡುವಿನ ತಗ್ಗಿನಲ್ಲಿ ಮೆಲ್ಲಗೆ ಮಲಗಿಸಿದಳು. ಮಗುವಿನ ಬೆನ್ನು ಬೆಚ್ಚಗಿತ್ತು. ಅದು ಒಮ್ಮೆ ಮೈ ಮುರಿದು, ಅಂಗಾಲಿನಿಂದ ಅಜ್ಜಿಯ ತೊಡೆಗೆ ಒದೆಯಿತು.

"ಒದೀತು ಕಣೇ" ಎಂದಳು ಗಂಗುಲಮ್ಮ. "ನನಗೆ ಗೊತ್ತಾಯ್ತು."

ತನುಜ ಚೊಂಬು ಎತ್ತಿದವಳು ತಿರುಗಿ ನೋಡಿದಳು. ತಾಯಿ ಅಳುತ್ತಿದ್ದಳು. ತನುಜ ನೀರಿಗೆ ತನ್ನ ಮೊಣಕೈ ಅದ್ದಿ ನೋಡಿ, ಸರಿಯಾಗಿದೆ ಎಂದು ಮಗುವಿನ ಮೈಮೇಲೆ ಸುರಿಯತೊಡಗಿದಳು.